ಎಂಜಿನ್ ಅಣ್ಣಂದು, ಟ್ರೇಲರ್ ತಂಗೀದು

ಮುಳ್ಳೂರಿನ ಸದಾಶಿವಪ್ಪ ತೀರಿಕೊಂಡ ಮೇಲೆ ಮಕ್ಕಳಿಬ್ಬರಿಗೂ ಜಮೀನು ಸಲೀಸಾಗಿ ಹಂಚಿಹೋಯಿತು. ಮನೆಗೂ ನಡುವೆ ಗೋಡೆ ಎದ್ದಿತು, ಅವ್ವ ಮಗನ ಕಡೆಗೆ ಉಳಿದಳು. ಹಂಚಲಾಗದೆ ಉಳಿದದ್ದು ಕಲ್ಲು ಸಾಗಿಸುವ ಉದ್ದನೆಯ ಲಾರಿ ಒಂದೇ. ನ್ಯಾಯಕ್ಕೆ ಕೂತಿದ್ದ ಹಿರಿಯರು ಎಲೆಅಡಿಕೆ ಮೆದ್ದು ಮೆದ್ದು ಕಡೆಗೊಂದು ತೀರ್ಪು ಉಗುಳಿದರು. ಮುಂದಿನ ಎಂಜಿನ್ ಮಗ ಗುರುಪ್ರಕಾಶನಿಗೆ, ಹಿಂದಿನ ಟ್ರೇಲರ್ ಮಗಳು ಮಾಲಿನಿಗೆ. ಹೀಗಾದರೂ ಇಬ್ಬರೂ ಕೂಡಿ ಬಾಳಲಿ ಎಂಬುದು ಆ ಮಹಾನುಭಾವರ ಆಸೆ. ಅಂಥ ಬುದ್ಧಿವಂತರನ್ನು ಹುಡುಕಿ ತಂದವರಿಗೆ ದೊಡ್ಡದೊಂದು ನಮಸ್ಕಾರ.

ಆವತ್ತಿನಿಂದ ಅಣ್ಣ ತಂಗಿ ಮಾತು ಬಿಟ್ಟರು. ಲಾರಿ ಬಿಡುವ ಹಾಗಿರಲಿಲ್ಲ. ಟ್ರೇಲರಿಲ್ಲದ ಎಂಜಿನ್ನನ್ನು ಬಾಡಿಗೆಗೆ ಕರೆಯುವವರಿಲ್ಲ, ಎಂಜಿನ್ನಿಲ್ಲದ ಟ್ರೇಲರಿನ ಮೇಲೆ ಕೋಳಿ ಮಲಗಬೇಕು ಅಷ್ಟೇ. ಹಾಗಾಗಿ ಬಾಡಿಗೆ ಬಂದಾಗಲೆಲ್ಲ ಗುರುಪ್ರಕಾಶ ಓಡಿಸುತ್ತಿದ್ದ, ಮಾಲಿನಿ ತನ್ನ ಸೊತ್ತು ಕಾಯಲು ಎಡಗಡೆ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಇಬ್ಬರ ನಡುವೆ ಅಪ್ಪನ ಕಾಲದ ಕ್ಲೀನರ್ ಪುಟ್ಟಮಾದಪ್ಪ. ಗಾಜು ಒರೆಸುವುದಕ್ಕಿಂತ ಮಾತು ದಾಟಿಸುವುದೇ ಅವನಿಗೆ ಹೆಚ್ಚಿನ ಕೆಲಸವಾಗಿತ್ತು.

“ಮಾದಪ್ಪಣ್ಣ, ಕಿಟ್ಕಿ ಮುಚ್ಚಕ್ಕೆ ಯೋಳು ಅವ್ಳ್ಗೆ. ದೂಳು ಬತ್ತಾ ಅದೆ.”

“ದೂಳು ಅವ್ರ ಕಡೆಯಿಂದ್ಲೇ ಬತ್ತಾ ಇರೋದು ಅಂತ ಯೋಳಿ ಮಾದಪ್ಪಣ್ಣ.”

ಪುಟ್ಟಮಾದಪ್ಪ ಎರಡೂ ಕಡೆಗೆ ತಲೆಯಾಡಿಸಿ ಮುಂದಿನ ಗಾಜು ಒರೆಸತೊಡಗುತ್ತಿದ್ದ.

ಗುರುಪ್ರಕಾಶನಿಗೆ ಬೇಕಾಗಿದ್ದದ್ದು ಒಂದೇ, ಆ ಟ್ರೇಲರ್. ಅಪ್ಪ ಕಟ್ಟಿಸಿದ ಲಾರಿ ತಲೆಯಿಂದ ಬಾಲದವರೆಗೆ ತನ್ನದಾಗಬೇಕು, ತಂಗಿ ಎಂಬುವಳು ಕ್ಯಾಬಿನ್ನಿನಿಂದ ಇಳಿದು ಹೋಗಬೇಕು. ಅವನಲ್ಲಿ ಇನ್ನೊಂದು ಗುಟ್ಟೂ ಇತ್ತು. ಸೊಂಟದ ಮೂಳೆ ಸವೆದಿದೆ, ಲಾರಿ ಓಡಿಸುವುದು ನಿಲ್ಲಿಸಿ ಎಂದು ಮೈಸೂರಿನ ಡಾಕ್ಟರು ಹೇಳಿ ಒಂದು ವರ್ಷವಾಗಿತ್ತು. ಅಂಗಿಯೊಳಗೆ ಅಗಲವಾದ ಬೆಲ್ಟ್ ಬಿಗಿದುಕೊಂಡು ಓಡಾಡುತ್ತಿದ್ದ. ತಂಗಿಗೆ ಗೊತ್ತಾದರೆ ಎಂಜಿನ್ನಿಗೂ ಕೈ ಹಾಕುತ್ತಾಳೆ ಎಂಬ ಭಯ ಅವನಿಗೆ.

ಹೀಗಿರುವಾಗ ಯಳಂದೂರಿನಲ್ಲಿ ಕಟ್ಟುತ್ತಿದ್ದ ಒಂದು ಕಲ್ಯಾಣ ಮಂಟಪಕ್ಕೆ ಹನೂರಿನಿಂದ ಪಾಲಿಶ್ ಮಾಡಿದ ಕರಿಕಲ್ಲು ಒಯ್ಯುವ ಬಾಡಿಗೆ ಸಿಕ್ಕಿತು. ಮೊದಲ ಲೋಡಿನಲ್ಲೇ ಎರಡು ಚಪ್ಪಡಿ ಬಿರುಕು ಬಿಟ್ಟವು. ಇನ್ನೊಂದು ಸಲ ಹೀಗಾದರೆ ಬೇರೆ ಲಾರಿ ನೋಡಿಕೊಳ್ಳುತ್ತೇವೆ ಎಂದರು ಮಂಟಪದವರು. ಆಗ ಮಾಲಿನಿ ಗಾಳಿ ಕೊಂಡಿಯ ಸುದ್ದಿ ಎತ್ತಿದಳು.

ಇಂಥ ಲಾರಿಯಲ್ಲಿ ಎಂಜಿನ್ನಿನ ಬೆನ್ನ ಮೇಲೆ ದಪ್ಪ ಕಬ್ಬಿಣದ ತಟ್ಟೆಯಂಥ ಕೊಂಡಿ ಇರುತ್ತದೆ. ಡ್ರೈವರುಗಳು ಅದನ್ನು ಫಿಫ್ತ್ ವೀಲ್ ಎನ್ನುತ್ತಾರೆ. ಟ್ರೇಲರಿನ ಹೊಟ್ಟೆಯಿಂದ ಇಳಿಬಿದ್ದ ಗೂಟ ಅದರ ಬಾಯಿಗೆ ಬಂದು ಬೀಳುತ್ತದೆ. ಇವರದು ಕಬ್ಬಿಣಕ್ಕೆ ಕಬ್ಬಿಣ ಕೂತ ಹಳೇ ಕೊಂಡಿ. ಮಾಲಿನಿ ತರಬೇಕೆಂದದ್ದರಲ್ಲಿ ತಟ್ಟೆಯ ಕೆಳಗೆ ರಬ್ಬರಿನ ಗಾಳಿ ಚೀಲಗಳಿದ್ದವು. ಗುಂಡಿ ಬಂದರೆ ಏಟನ್ನು ಗಾಳಿ ನುಂಗುತ್ತದೆ.

“ಕಲ್ಲಿಗೂ ಆಸ್ಗೆ ಬೇಕಂತಾ? ದಿಂಬೂ ತರಕ್ಕೆ ಯೋಳು ಮಾದಪ್ಪಣ್ಣ,” ಎಂದು ಗುರುಪ್ರಕಾಶ ನಕ್ಕ.

ಅವಳು ಜಗ್ಗಲಿಲ್ಲ. ಒಮ್ಮೆ ಖಾಲಿ, ಒಮ್ಮೆ ಲೋಡು ಎಂದು ಎಂಜಿನ್ನಿನ ಹಿಂದಿನ ಗಾಲಿಗಳನ್ನಷ್ಟೇ ಲಾರಿ ತೂಗುವ ವೇಬ್ರಿಡ್ಜಿಗೆ ಹತ್ತಿಸಿ, ಗೂಟದ ಮೇಲೆ ಎಷ್ಟು ಭಾರ ಬೀಳುತ್ತದೆಂದು ನೋಡಿಸಿದಳು. ಚೀಲ ಸಣ್ಣದಾದರೆ ಭಾರಕ್ಕೆ ಚಪ್ಪಟೆ, ದೊಡ್ಡದಾದರೆ ಕಲ್ಲಿನಷ್ಟೇ ಗಟ್ಟಿ. ಕೊಳ್ಳೇಗಾಲದ ವರ್ಕ್‌ಶಾಪಿನ ಶಿವಕುಮಾರಸ್ವಾಮಿ ತಲೆ ಚಿಟ್ಟು ಹಿಡಿಯುವಷ್ಟು ಪ್ರಶ್ನೆ ಕೇಳಿಸಿಕೊಂಡು, ಆ ತೂಕಕ್ಕೆ ತಕ್ಕದ್ದನ್ನೇ ತರಿಸಿಕೊಟ್ಟ. ಆದರೆ ಅದನ್ನು ಕೂರಿಸಬೇಕಾದದ್ದು ಅಣ್ಣನ ಎಂಜಿನ್ನಿನ ಮೇಲೆ. ಅಲ್ಲಿ ಹತ್ತಿಕೊಂಡಿತು ಜಗಳ.

ಕೊನೆಗೆ ಗುರುಪ್ರಕಾಶನೇ ಪಂದ್ಯ ಕಟ್ಟಿದ. ಹೊಸ ಕೊಂಡಿ ಹಾಕಿ ಹನೂರಿನಿಂದ ಯಳಂದೂರಿಗೆ, ನಡುವೆ ಎಲ್ಲೂ ನಿಲ್ಲಿಸದೆ ಒಂದೇ ಓಟ. ಒಂದೇ ಒಂದು ಚಪ್ಪಡಿ ಬಿರಿದರೂ ಟ್ರೇಲರನ್ನು ಅವಳು ತನಗೆ ಬರೆದುಕೊಡಬೇಕು. ಬಿರಿಯದಿದ್ದರೆ ಕೊಂಡಿ ತನ್ನ ಎಂಜಿನ್ನಿನ ಮೇಲೇ ಇರಲಿ, ಇನ್ನು ಪಾಲಿನ ಸುದ್ದಿ ಎತ್ತುವುದಿಲ್ಲ.

“ಒಪ್ದೆ ಅಂತ ಯೋಳಿ,” ಎಂದಳು ಮಾಲಿನಿ.

ಹನೂರಿನಲ್ಲಿ ಅವಳು ಅವನ ಪ್ರಾಣ ತಿಂದಳು. ಗೂಟ ಕೊಂಡಿಯ ಬಾಯಿಗೆ ಬಿದ್ದ ಸದ್ದು ಕೇಳಿದರೂ ಸಾಲದು, ಬಗ್ಗಿ ಟಾರ್ಚ್ ಬಿಟ್ಟು ನೋಡಿದಳು. ಟ್ರೇಲರಿನ ಬ್ರೇಕ್ ಹಿಡಿಸಿ, ಎಂಜಿನ್ನನ್ನು ಮೆಲ್ಲಗೆ ಮುಂದಕ್ಕೆ ಜಗ್ಗಿಸಿ ಕಚ್ಚಿಕೊಂಡಿದೆಯೇ ಎಂದು ಪರೀಕ್ಷೆ ಮಾಡಿಸಿದಳು. ಚಪ್ಪಡಿಗಳ ಅಡಿಗೆ ಹಳೇ ಟೈರಿನ ತುಂಡು, ನಡುವೆ ಭತ್ತದ ಹುಲ್ಲು ತುರುಕಿಸಿದಳು. ಲೋಡಾದ ಮೇಲೆ ಬ್ರೇಕಿನ ಟ್ಯಾಂಕಿನಿಂದಲೇ ಚೀಲಗಳಿಗೆ ಗಾಳಿ ತುಂಬಿಸಿ, ಕೊಂಡಿ ಪಕ್ಕದ ಬಿಳಿ ಗೆರೆಗೆ ಸರಿಯಾಗಿ ಎದ್ದು ನಿಲ್ಲುವ ತನಕ ಕಾದಳು. ಆಮೇಲೆ ಬಿಲ್ಲು ತರಲು ಆಫೀಸಿನೊಳಗೆ ಹೋದಳು.

ಗುರುಪ್ರಕಾಶ ಇಳಿದು ಹಿಂದಕ್ಕೆ ಬಂದು ವಾಲ್ವ್ ತಿರುಗಿಸಿದ. ಬುಸ್ಸೆಂದು ಗಾಳಿ ಹೋಗಿ ಕೊಂಡಿ ತಳ ಕಚ್ಚಿತು. ಮಾಡುತ್ತಿರುವುದು ಮೋಸ ಎಂದು ಅವನಿಗೆ ಗೊತ್ತಿತ್ತು. ನಾಚಿಕೆಗಿಂತ ಖುಷಿಯೇ ಹೆಚ್ಚಾಗಿತ್ತು.

“ನೀನೇನೂ ನೋಡ್ನಿಲ್ಲ ಮಾದಪ್ಪಣ್ಣ.”

“ನಂಗೆ ಈಚೀಚ್ಗೆ ಕಣ್ಣೇ ಕಾಣಕಿಲ್ಲ ಬುಡಪ್ಪ,” ಎಂದ ಪುಟ್ಟಮಾದಪ್ಪ.

ಕಾಮಗೆರೆ ಹತ್ತಿರ ರಸ್ತೆ ಅಗಲ ಮಾಡಲು ಕಿತ್ತುಹಾಕಿದ್ದರು. ಮೊದಲ ಗುಂಡಿಗೆ ಬಿದ್ದಾಗ ಹಿಂದಿನಿಂದ ಯಾರೋ ಸುತ್ತಿಗೆಯಲ್ಲಿ ಬಾರಿಸಿದಂತಾಯಿತು. ಸರಿಯಾಗಿ ಅವನ ಸೀಟಿನ ಕೆಳಗೆ. ಎರಡನೆಯ ಗುಂಡಿಗೆ ಬೆಲ್ಟಿನೊಳಗೆ ಸೊಂಟ ಹೊತ್ತಿಕೊಂಡಿತು. ಹಳೇ ಕೊಂಡಿಯೇ ವಾಸಿ ಎನ್ನಿಸಿತು. ಅದು ಇದ್ದಲ್ಲೇ ಇರುತ್ತಿತ್ತು, ಇದು ಎದ್ದೆದ್ದು ಕುಕ್ಕುತ್ತಿತ್ತು. ಕಲ್ಲಿಗೆ ಟ್ರೇಲರಿನ ಸ್ಪ್ರಿಂಗ್ ಪಟ್ಟಿ ಇತ್ತು, ಟೈರಿತ್ತು, ಹುಲ್ಲಿತ್ತು. ಏನೂ ಇಲ್ಲದೆ ಕೂತವನು ತಾನೇ ಎಂದು ಅವನಿಗೆ ಆಗ ಹೊಳೆಯಿತು. ಆದರೂ ಒಂದು ಚಪ್ಪಡಿ, ಒಂದೇ ಒಂದು ಚಪ್ಪಡಿ ಬಿರಿದರೆ ಸಾಕು ಎಂದು ಹಲ್ಲು ಕಚ್ಚಿ ಆಕ್ಸಿಲರೇಟರ್ ಒತ್ತಿದ.

ಕೊಳ್ಳೇಗಾಲದ ಪೆಟ್ರೋಲ್ ಬಂಕು ಕಂಡಾಗ ಮಾಲಿನಿ ಬಾಯಿ ತೆರೆದಳು.

“ನಿಲ್ಸಕ್ಕೆ ಯೋಳಿ ಮಾದಪ್ಪಣ್ಣ. ಗಾಳಿ ನೋಡ್ಬೇಕು.”

ನಿಲ್ಲಿಸಬಹುದಿತ್ತು. ಗಾಳಿ ತುಂಬಿಸಿಕೊಂಡು ಆರಾಮಾಗಿ ಹೋಗಬಹುದಿತ್ತು. ಅವನ ಕಾಲು ಬ್ರೇಕಿನ ಮೇಲೆ ಹೋಗಿಯೂ ಹೋಯಿತು.

“ಒಂದೇ ಓಟ ಅಂತಲ್ವಾ ಮಾತು? ತಂದದ್ರ ಮೇಲೇ ನಂಬ್ಕೆ ಇಲ್ದಿದ್ರೆ ಟ್ರೇಲರ್ ಕೊಟ್ಬುಡಕ್ಕೆ ಯೋಳು,” ಎಂದ.

ಮಾಲಿನಿ ಅವನನ್ನೊಮ್ಮೆ ತಿರುಗಿ ನೋಡಿದಳು. “ಸರಿ. ಓಡ್ಸಕ್ಕೆ ಯೋಳಿ ಹಂಗಾದ್ರೆ,” ಎಂದು ಕಿಟಕಿಯ ಕಡೆಗೆ ಮುಖ ಮಾಡಿಕೊಂಡಳು. ಆ ನೋಟ ಅವನಿಗೆ ಹಿಡಿಸಲಿಲ್ಲ. ನಡುವೆ ಕೂತ ಪುಟ್ಟಮಾದಪ್ಪ ಎರಡು ಕೈಯಲ್ಲೂ ಸೀಟು ಹಿಡಿದುಕೊಂಡು ಮಾದೇಶ್ವರನನ್ನು ಕರೆಯುತ್ತಿದ್ದ.

ಮಾಂಬಳ್ಳಿ ದಾಟುವಾಗ ಎಡಗಾಲಿಗೆ ಜೋಮು ಹತ್ತಿತು. ಕ್ಲಚ್ ಒತ್ತಿದ್ದು ಕಾಲಿಗೆ ಗೊತ್ತಾಗುತ್ತಿರಲಿಲ್ಲ, ಕಣ್ಣಲ್ಲಿ ನೋಡಿಕೊಂಡು ಒತ್ತಬೇಕಾಯಿತು. ಬೆವರು ಕಣ್ಣಿಗಿಳಿಯುತ್ತಿತ್ತು. ಅಂತೂ ಯಳಂದೂರಿನ ಮಂಟಪದ ಮುಂದೆ ಲಾರಿ ನಿಲ್ಲಿಸಿದ. ಮಾಲಿನಿಯೂ ಪುಟ್ಟಮಾದಪ್ಪನೂ ಇಳಿದು ಹಿಂದಕ್ಕೆ ಹೋದರು. ಅವನು ಇಳಿಯಲು ನೋಡಿದ. ಆಗಲಿಲ್ಲ.

ಸ್ಟೀರಿಂಗ್ ಹಿಡಿದು ಕೂತಲ್ಲಿಂದಲೇ ಕಿವಿಗೊಟ್ಟ. ಮಂಟಪದವರು ಒಂದೊಂದೇ ಚಪ್ಪಡಿ ಇಳಿಸಿ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದರು. ಬಿರುಕಿದ್ದರೆ ಬದ್ದೆನ್ನುತ್ತದೆ, ಇಲ್ಲದಿದ್ದರೆ ಠಣ್ಣೆನ್ನುತ್ತದೆ. ಠಣ್ಣ್. ಮತ್ತೆ ಠಣ್ಣ್. ಒಂದಾದರೂ ಬದ್ದೆನ್ನಲಿ ಎಂದು ಅವನು ಮನೆದೇವರಿಗೆ ಹರಕೆ ಹೊತ್ತ. ಕೊನೆಯ ಚಪ್ಪಡಿಯೂ ದೇವಸ್ಥಾನದ ಗಂಟೆಯ ಹಾಗೆ ಠಣ್ಣೆಂದಿತು.

ಟ್ರೇಲರ್ ಹೋಯಿತು. ಹೋದದ್ದು ಅದೊಂದೇ ಆಗಿದ್ದರೆ ಅವನು ಇಳಿದು ಜಗಳವಾದರೂ ಆಡುತ್ತಿದ್ದ.

ಮಾಲಿನಿ ಬಂದು ಅವನ ಕಡೆಯ ಬಾಗಿಲು ತೆಗೆದು ಕೆಳಗೇ ನಿಂತಳು. ಹಿಂದೆ ಪುಟ್ಟಮಾದಪ್ಪ.

“ಮಾದಪ್ಪಣ್ಣ, ಕಲ್ಲಿಗಾದ್ರೆ ಹುಲ್ಲೇ ಸಾಕಾಗಿತ್ತು ಅಂತ ಯೋಳಿ ಅವ್ರ್ಗೆ,” ಎಂದಳು. “ಸೊಂಟದ ಬೆಲ್ಟ ಅವ್ವ ಒಗ್ದು ಹಿತ್ಲಲ್ಲಿ ಒಣಗಾಕ್ತದೆ. ಗೋಡೆ ಆಚೆಯಿಂದ ನಂಗೂ ಕಣ್ಣು ಕಾಣ್ತದೆ. ಆ ಕೊಂಡಿ ಯಾವ ಕಲ್ಲಿಗೂ ತಂದದ್ದಲ್ಲ.”

ಗುರುಪ್ರಕಾಶನ ಮುಖಕ್ಕೆ ರಕ್ತ ನುಗ್ಗಿತು. ಅವಳ ಮೇಲೆ ಇಷ್ಟು ಕೋಪ ಯಾವತ್ತೂ ಬಂದಿರಲಿಲ್ಲ. ಪಾಲಿನ ದಿನವೂ ಬಂದಿರಲಿಲ್ಲ. ಅವಳು ಕೆಟ್ಟವಳಾಗಿಯೇ ಉಳಿದಿದ್ದರೆ ಅವನಿಗೆ ಎಷ್ಟೋ ಸುಖವಿತ್ತು.

“ಕನಿಕರ ಬ್ಯಾಡ ಅಂತ ಯೋಳು ಅವ್ಳ್ಗೆ.”

“ಕನಿಕರ ಯಾರ್ಗಿದ್ದದು? ಓಡ್ಸೋನು ಮಲಿಕ್ಕಂಡ್ರೆ ನನ್ ಟ್ರೇಲರ್ ಮೇಲೆ ಕೋಳಿ ಮಲಗ್ತವೆ ಅಂತ ಯೋಳಿ.”

ಬಾಗಿಲು ತೆರೆದೇ ಇತ್ತು. ಅವನು ಮತ್ತೊಮ್ಮೆ ಕಾಲೆತ್ತಲು ನೋಡಿದ. ಬಾಯಿಂದ ನರಳಿಕೆ ಹೊರಟಿತು. ಪುಟ್ಟಮಾದಪ್ಪನ ವಯಸ್ಸಿಗೆ ಅವನನ್ನು ಹೊರುವ ಶಕ್ತಿ ಇಲ್ಲ, ಮಂಟಪದವರನ್ನು ಕೂಗುವ ಮುಖ ತನಗಿಲ್ಲ. ಕಣ್ಣು ಮುಚ್ಚಿಕೊಂಡು ಹೇಳಿದ.

“ಮಾದಪ್ಪಣ್ಣ, ಕೈ ಕೊಡಕ್ಕೆ ಯೋಳು ಅವ್ಳ್ಗೆ.”

“ಕೊಂಡಿ ಗೆರೆಯಿಂದ ಇಳ್ದದೆ. ಗಾಳಿ ಬುಟ್ಟೋರ್ಯಾರು ಅಂತ ಕೇಳಿ ಮೊದ್ಲು,” ಎಂದಳು ಮಾಲಿನಿ, ಸೊಂಟದ ಮೇಲಿನ ಕೈ ತೆಗೆಯದೆ.

ಪುಟ್ಟಮಾದಪ್ಪ ದಾಟಿಸಲು ಬಾಯಿ ತೆರೆದ.

“ನಾನೇ,” ಎಂದ ಗುರುಪ್ರಕಾಶ, ನೇರವಾಗಿ ಅವಳಿಗೆ.

ಮಾಲಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದಳು. ಅವನ ಕಂಕುಳಿಗೆ ತನ್ನ ಹೆಗಲು ಕೊಟ್ಟಳು. ಒರಟಾಗಿಯೇ ಕೊಟ್ಟಳು, ಅವನಿಗೆ ನೋವಾಯಿತು.

“ಭಾರ ಬುಡು ನನ್ ಮೇಲೆ,” ಎಂದಳು.

ಅವನು ಬಿಟ್ಟ. ಬಿಡದೆ ಬೇರೆ ದಾರಿ ಇರಲಿಲ್ಲ.