ಸರ್ವೆಗೆ ‘ಇಲ್ಲ’ ಎಂದ ಹುಡುಗಿ

ಹದಿಹರೆಯದವರ ಆರೋಗ್ಯ ಸಮೀಕ್ಷೆಗೆ ಕಾನಹೊಸಹಳ್ಳಿಯಲ್ಲಿ ಮನೆ ಮನೆ ತಿರುಗುವ ನಮಗೆ ಮೊದಲ ಕೆಲಸವೇ ಹುಡುಗಿಯರ ಪಕ್ಕದಿಂದ ತಾಯಂದಿರನ್ನು ಎಬ್ಬಿಸುವುದು. ಪ್ರೀತಿ, ಲೈಂಗಿಕ ಆರೋಗ್ಯ, ಇಂಥವನ್ನೆಲ್ಲ ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕೆಂದು ಸಮೀಕ್ಷೆ ಮಾಡಿಸುವ ದೆಹಲಿಯವರ ನಿಯಮ. ಅವರಿಗೇನು, ಮಗಳಿಗೆ ಅಂಟಿಕೊಂಡೇ ಕೂತ ಈ ಮನೆಯ ಜಂಬಮ್ಮನಂಥವಳನ್ನು ಅವರು ಎಬ್ಬಿಸಬೇಕೆ?

"ಬರ್ರಿ ಅಮ್ಮಾ, ಬಿಪಿ ನೋಡ್ತೀನಿ," ಎಂದು ನನ್ನ ಜೊತೆಗಾತಿ ಸುಮಂಗಲಾ ಜಂಬಮ್ಮನನ್ನು ಹೊರಗಿನ ಕಟ್ಟೆಗೆ ಕರೆದೊಯ್ದಳು. ಬಿಪಿ ಎಂದರೆ ಎಂಥ ತಾಯಿಯೂ ಏಳುತ್ತಾಳೆ.

ಒಳಗೆ ಮಗಳು ಮಾಲಾ. ವಯಸ್ಸು ಹದಿನಾರು. "ನೀ ಹೇಳಿದ್ದು ಯಾರಿಗೂ ಗೊತ್ತಾಗಂಗಿಲ್ಲ," ಎಂದು ಟ್ಯಾಬ್ ತೆರೆದೆ. ಪ್ರಶ್ನೆ ಮುಗಿಯುವ ಮೊದಲೇ "ಇಲ್ಲ" ಎಂದಳು. ಮುಂದಿನದಕ್ಕೂ "ಇಲ್ಲ". ನನಗೆ ಸಿಟ್ಟು ಬಂತು.

"ಪೂರಾ ಕೇಳಿಸ್ಕೊಂಡು ಹೇಳವ್ವ."

"ಹೋದ ವರ್ಷ ಬ್ಯಾರೆ ಸರ್ವೆದಾಕಿ ಬಂದಿದ್ಲ್ರಿ. ಆಕೀನೂ ಹಿಂಗ ಹೇಳಿದ್ಲು. ಕ್ಲಾಸಿನಾಗ ಒಬ್ಬನ ಕೂಡ ಮಾತಾಡ್ತೀನಿ ಅಂದೆ. ಹೊರಗ ಹೋಗಿ ಚಾ ಕುಡಕಂತ ಅವ್ವಗ ಹೇಳಿಬಿಟ್ಲು."

ಬೇಲಿಯೇ ಎದ್ದು ಹೊಲ ಮೇಯ್ದರೆ!

"ಮರುದಿನಾನೇ ಸಾಲಿ ಬಿಡಿಸಿದ್ರು. ಬರೋ ಸೋಮವಾರ ಸೋದರಮಾವನ ಕೂಡ ಮದುವಿ."

ನಾನು ಟ್ಯಾಬ್ ನೋಡಿದೆ. "ನಮ್ಮ ಹುಡುಗಿ ಇನ್ನೂ ಓದ್ತಾಳ," ಎಂದು ಜಂಬಮ್ಮ ಈಗಷ್ಟೇ ನಗುನಗುತ್ತ ಹೇಳಿದ್ದಳು. ನಾನು ‘ವಿದ್ಯಾರ್ಥಿನಿ’ ಎಂದು ಒತ್ತಿಯೂ ಆಗಿತ್ತು. ನಾಳೆ ಯಾರೋ ದೆಹಲಿಯಲ್ಲಿ ಕೂತು ಇಂಥ ‘ಇಲ್ಲ’ಗಳನ್ನೆಲ್ಲ ಕೂಡಿಸಿ, ಈ ಕಡೆಯ ಹುಡುಗಿಯರಿಗೆ ಯಾವ ತೊಂದರೆಯೂ ಇಲ್ಲ ಎಂದು ವರದಿ ಬರೆಯುತ್ತಾರೆ. ಆ ಟ್ಯಾಬನ್ನು ಗೋಡೆಗೆ ಅಪ್ಪಳಿಸಬೇಕೆನ್ನಿಸಿತು.

"ಮಾಲಾ, ಯಾರಿಗೂ ಹೇಳಂಗಿಲ್ಲ ಅಂತ ಮಾತು ಕೊಟ್ಟೀನಿ. ನೀ ಹ್ಞೂಂ ಅಂದ್ರ ಮಕ್ಕಳ ಸಹಾಯವಾಣಿಗೆ ಫೋನ್ ಹಚ್ತೀನಿ. ಅವ್ರು ಬಂದು ಮದುವಿ ನಿಲ್ಲಸ್ತಾರ."

ಅವಳು ಬಾಗಿಲ ಕಡೆ ನೋಡಿದಳು. ಹೊರಗೆ ಸುಮಂಗಲಾ, "ಕೈ ಅಲ್ಲಾಡಸ್ಬ್ಯಾಡ್ರಿ, ಇನ್ನೊಮ್ಮೆ ನೋಡ್ತೀನಿ," ಎನ್ನುತ್ತಿದ್ದಳು.

"ಹಚ್ಚ್ರಿ," ಎಂದಳು ಮಾಲಾ.

ನಾನು ನಂಬರ್ ಒತ್ತಿದೆ. ಆ ಕಡೆಯಿಂದ "ಹೇಳಿ" ಎಂಬ ದನಿ ಬಂದದ್ದೇ ತಡ, ಅವಳು ಫೋನ್ ಕಸಿದುಕೊಂಡು ತನ್ನ ಹೆಸರು, ವಯಸ್ಸು, ಓಣಿ, ಮದುವೆಯ ದಿನ, ಎಲ್ಲವನ್ನೂ ಹೇಳಿದಳು. ಪಿಸುಮಾತಲ್ಲ, ಗಟ್ಟಿಯಾಗಿ. ಕಟ್ಟೆಯ ಮೇಲೆ ಜಂಬಮ್ಮನ ಮಾತು ಗಕ್ಕನೆ ನಿಂತಿತು.

ನಾನು ಎದ್ದು ಒಳಗಿನಿಂದ ಚಿಲಕ ಹಾಕಿದೆ.