ಎರಡು ದಿನದ ಉಪ್ಪಿಟ್ಟು

ಬಸವೇಶ್ವರನಗರದ ಆ ಮನೆಯಲ್ಲಿ ಏಕಾದಶಿ ಎಂದರೆ ಅಜ್ಜಿಗೆ ಉಪವಾಸ, ಉಳಿದವರಿಗೆ ಉಪ್ಪಿಟ್ಟು. ಈ ಸಲ ಅದು ಎರಡು ದಿನ ನಡೆಯಿತು. ತಪ್ಪು ಮೊಮ್ಮಗ ಅನಿಕೇತನದು. ಹತ್ತಾರು ಜನ ಸೇರಿ ಬಿಡುವಿನಲ್ಲಿ ಪುಕ್ಕಟೆಯಾಗಿ ಬರೆದ ಪಂಚಾಂಗದ ಆ್ಯಪನ್ನು ಅಜ್ಜಿ ಪುಟ್ಟಲಕ್ಷ್ಮಿಯವರ ಫೋನಿಗೆ ಹಾಕಿಕೊಟ್ಟು ಜಂಭ ಕೊಚ್ಚಿದವನು ಅವನೇ. ಬೆಳಗಿನ ಜಾವಕ್ಕೆ ದಶಮಿ ಉಳಿದಿದ್ದರೆ ಮಾಧ್ವರ ಉಪವಾಸ ಮರುದಿನ ಎಂಬುದು ಪಾಪ ಆ ಆ್ಯಪಿಗೆ ಗೊತ್ತಿರಲಿಲ್ಲ. ಅಜ್ಜಿಯ ಮಾತು ನಂಬಿ ಭಜನಾ ಮಂಡಳಿಯವರೂ ಅದನ್ನೇ ಹಾಕಿಕೊಂಡಿದ್ದರು. ಆ್ಯಪ್ ಹೇಳಿದ ದಿನ ಒಂದು, ತಪ್ಪು ಗೊತ್ತಾದ ಮೇಲೆ ಮರುದಿನ ಇನ್ನೊಂದು, ಎಲ್ಲರಿಗೂ ಎರಡೆರಡು ಉಪವಾಸ.

“ಅದು ಸರಿಹೋಗೋವರೆಗೂ ನಾನು ಮಂಡಳಿ ಕಡೆ ತಲೆ ಹಾಕಲ್ಲ. ಯಾವ ಮುಖ ಇಟ್ಕೊಂಡು ಹೋಗಲಿ?” ಎಂದು ಅಜ್ಜಿ ಕೂತುಬಿಟ್ಟರು. ಹಾಡಿಲ್ಲದ ಅಜ್ಜಿಯನ್ನು ನೋಡಿ ಅನಿಕೇತನಿಗೆ ನಿಜಕ್ಕೂ ಸಂಕಟವಾಯಿತು.

ಆ ಆ್ಯಪಿನ ಕೋಡನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದಿತ್ತು. ಅವತ್ತೇ ಅದರ ಮೂರು ಸಾಲು ತಿದ್ದಿ, ಆ್ಯಪ್ ನೋಡಿಕೊಳ್ಳುವ ರಾಗಿಣಿಗೆ ಕಳಿಸಿದ. ಯಾರೂ ಸೊಪ್ಪು ಹಾಕಲಿಲ್ಲ. ಜ್ಞಾಪಿಸಿದ. ಮತ್ತೆ ಜ್ಞಾಪಿಸಿದ. ಅವನದಕ್ಕಿಂತ ಮೊದಲೇ ಬಂದ ಎಷ್ಟೋ ಜನರ ತಿದ್ದುಪಡಿಗಳು ಅವಳ ಬಳಿ ಇನ್ನೂ ಕಾದು ಕೂತಿದ್ದವು.

“ಅಲ್ವೋ, ಮಂಡಳಿಗೆ ಹೊಸಬಳು ಬಂದು ಮೊದಲ ದಿನವೇ ನಾನು ಹಾಡ್ತೀನಿ ಅಂದ್ರೆ ಯಾರು ಕೇಳ್ತಾರೆ?” ಎಂದರು ಅಜ್ಜಿ. “ಮೊದ್ಲು ಬೇರೆಯವರು ಹಾಡುವಾಗ ತಾಳ ಹಾಕ್ಬೇಕು ಕಣೋ.”

“ಅಜ್ಜಿ, ಇದು ಸಾಫ್ಟ್‌ವೇರು!”

“ಮಾಡೋರು ಮನುಷ್ಯರು ತಾನೆ?”

ಗೊಣಗುತ್ತಲೇ ಅನಿಕೇತ ಬೇರೆಯವರ ತಿದ್ದುಪಡಿಗಳನ್ನು ಹಾಕಿ ನೋಡಿ, ಯಾವುದು ಸರಿ, ಯಾವುದು ಕೆಡುತ್ತದೆ ಎಂದು ಬರೆಯತೊಡಗಿದ. ತನ್ನ ತಿದ್ದುಪಡಿಯ ಮೇಲಿದ್ದ ‘ತಿಥಿ ಲೆಕ್ಕ ಸರಿಪಡಿಸಿದೆ’ ಎಂಬ ಒಣಮಾತು ತೆಗೆದು, ‘ನಮ್ಮಜ್ಜಿ ಎರಡು ದಿನ ಉಪವಾಸ ಮಾಡಿದರು’ ಎಂದು ಹಾಕಿದ.

ರಾಗಿಣಿಯ ಉತ್ತರ ಬಂತು: “ಅಯ್ಯೋ, ಇದನ್ನ ಮೊದಲೇ ಹೇಳಬಾರದಿತ್ತಾ? ಸೇರಿಸಿದೀನಿ. ನಮಗೆಲ್ಲ ಇಷ್ಟು ಕೆಲಸ ಮಾಡಿಕೊಟ್ರಿ, ಥ್ಯಾಂಕ್ಸ್.”

ಮುಂದಿನ ಏಕಾದಶಿಯನ್ನು ಆ್ಯಪ್ ಸರಿಯಾಗಿ ತೋರಿಸಿತು. ಅಜ್ಜಿ ರೇಷ್ಮೆ ಸೀರೆಯುಟ್ಟು ಭಜನೆಗೆ ಹೋದರು. ಸಂಜೆ ಮರಳುವಾಗ ಇಡೀ ಮಂಡಳಿಯೇ ಹಿಂದೆ ಬಂತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಡಬ್ಬಿ.

“ನಿನ್ನ ಆ್ಯಪಲ್ಲಿ ರಾಹುಕಾಲದ ಗಂಟೆ ಸ್ವಲ್ಪ ಜೋರಾಯ್ತಪ್ಪ,” ಎಂದರು ಮುಂದಿದ್ದ ಶುಭಾ ಆಂಟಿ. “ಅವಸರ ಏನಿಲ್ಲ. ಮೊದ್ಲು ಇದನ್ನ ತಿನ್ನು.”

“ಅಕ್ಷರ ದೊಡ್ಡದು ಮಾಡ್ಕೊಡಪ್ಪ,” ಎಂದಿತು ಹಿಂದಿನಿಂದ ಇನ್ನೊಂದು ದನಿ.

“ನೋಡಿದ್ಯಾ,” ಎಂದು ಅಜ್ಜಿ ಹೆಮ್ಮೆಯಿಂದ ನಕ್ಕರು. “ಕೇಳೋಕೆ ಮೊದ್ಲು ತಾಳ ಹಾಕ್ಬೇಕು ಅಂತ ಎಲ್ಲರಿಗೂ ನಾನೇ ಹೇಳ್ಕೊಟ್ಟೆ.”

ಅನಿಕೇತ ಡಬ್ಬಿಗಳನ್ನು ಒಂದೊಂದಾಗಿ ತೆರೆದ. ಅವತ್ತು ಏಕಾದಶಿ. ಎಲ್ಲದರಲ್ಲೂ ಉಪ್ಪಿಟ್ಟೇ ಇತ್ತು.