ಕಿವಿಯೇನು ಹೆಂಚಿನ ಅಚ್ಚೇ?

ಹೆಂಚು ಸುಟ್ಟ ಗೂಡು ತೆರೆಯುವ ದಿನ ಬೆಳಗ್ಗೆ ಕಾರ್ಖಾನೆಯ ಮೇಸ್ತ್ರಿ ನಮ್ಮ ದೊಡ್ಡಮ್ಮನ ಕೈಗೆ ತುದಿ ಬಗ್ಗಿಸಿದ ತಂತಿ ಕೊಟ್ಟು, ಕಿವಿ ಕೆರೆದುಕೊಳ್ಳಲು ಹೇಳಿದ. ಅವಳು ಕೆರೆದುಕೊಂಡಳು. ಬಲಗಿವಿಯಿಂದ ರಕ್ತ ಬಂತು. ಸರಿಯಾಗಿ ಕೇಳಿಸುತ್ತಿಲ್ಲವೆಂದು ಮಧ್ಯಾಹ್ನ ಅವಳನ್ನು ಬಡಿಯುವ ಹಲಗೆಯಿಂದ ಎಬ್ಬಿಸಿ ಮಣ್ಣು ಹೊರಲು ಕಳಿಸಿದ.

ಬಡಿಯುವ ಹಲಗೆ ಅಂದರೇನೆಂದು ಈಗಿನವರಿಗೆ ಹೇಳಬೇಕು. ಸುಟ್ಟ ಹೆಂಚು ಗೂಡಿನಿಂದ ಹೊರಬಂದ ಮೇಲೆ ಹೆಂಗಸರು ಹಲಗೆಯ ಮುಂದೆ ಕೂತು ಒಂದೊಂದನ್ನೂ ಎತ್ತಿ ಹಿಡಿದು, ಮರದ ಕೋಲಿನಿಂದ ತಟ್ಟಿ ಕೇಳುತ್ತಿದ್ದರು. ಗಟ್ಟಿ ಹೆಂಚು ‘ಟಣ್’ ಅನ್ನುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ‘ಬೊದ್’ ಅನ್ನುತ್ತದೆ. ಅದು ಮೂಗ ಹೆಂಚು. ಕಣ್ಣಿಗೆ ಕಾಣದ ಆ ಬಿರುಕು ದೊಡ್ಡಮ್ಮನ ಕಿವಿಗೆ ಸಿಕ್ಕಿಬೀಳುತ್ತಿತ್ತು. ಅದಕ್ಕೇ ಅವಳಿಗೆ ಟಣ್ಣಕ್ಕ ಎಂದು ಹೆಸರು. ಶಾಲೆ ಬಿಟ್ಟ ಮೇಲೆ ನಾನು ಆ ಕೆಂಪು ದೂಳಿನ ಶೆಡ್ಡಿನ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದೆ. ಟಣ್, ಟಣ್, ಟಣ್, ಬೊದ್. ಬೊದ್ ಅಂದ ಕೂಡಲೇ ಹೆಂಗಸರೆಲ್ಲ, “ಇದು ಮೇಸ್ತ್ರಿ ತಲೆ!” ಎಂದು ನಗುತ್ತಿದ್ದರು. ಇವತ್ತಿಗೂ ಎಲ್ಲೋ ಹೆಂಚಿಗೆ ಹೆಂಚು ತಾಗಿದ ಸದ್ದು ಕೇಳಿದರೆ ನನ್ನ ಜೀವ ಆ ಹೊಸ್ತಿಲಿಗೆ ಓಡುತ್ತದೆ.

ಕಿವಿ ಕೆರೆಯುವುದು ಅಲ್ಲಿ ಕೆಲಸದ ಭಾಗವೇ ಆಗಿಬಿಟ್ಟಿತ್ತು. ಹೆಂಚಿನ ಅಚ್ಚಿಗೆ ಎಣ್ಣೆ ಸವರಿ, ಮೂಲೆಯಲ್ಲಿ ಅಂಟಿದ ಮಣ್ಣನ್ನು ತಂತಿಯಿಂದ ಕೆರೆದು ತೆಗೆಯುತ್ತಿದ್ದರು. ಕಿವಿಯೂ ಅಚ್ಚಿನ ಹಾಗೇ ಎಂದು ಎಲ್ಲರೂ ನಂಬಿದ್ದರು.

ಮನೆಯಲ್ಲೂ ಅದೇ ನಂಬಿಕೆ. ಭಾನುವಾರ ಸ್ನಾನವಾದ ಮೇಲೆ ಅಜ್ಜಿ ಕಿಟಕಿಯ ಬಿಸಿಲಿಗೆ ಕಾಲು ಚಾಚಿ ಕೂರುತ್ತಿದ್ದಳು. ಅವಳ ಮಡಿಲಲ್ಲಿ ತಲೆಯಿಟ್ಟರೆ ಮೊದಲು ಬೆಚ್ಚಗಿನ ಎಣ್ಣೆ, ಆಮೇಲೆ ತುರುಬಿನಿಂದ ತೆಗೆದ ಪಿನ್ನು. ಕಣ್ಣು ತಾನಾಗಿ ಮುಚ್ಚುತ್ತಿತ್ತು. ಅಂಥ ನಿದ್ದೆ ಆಮೇಲೆ ನನಗೆ ಯಾವ ಹಾಸಿಗೆಯಲ್ಲೂ ಬಂದಿಲ್ಲ.

ಅವತ್ತು ಸಂಜೆ ದೊಡ್ಡಮ್ಮ ಕಿವಿಗೆ ಬಟ್ಟೆ ಒತ್ತಿಕೊಂಡು ಮನೆಗೆ ಬಂದಳು. ಅವಳು ಅಜ್ಜಿಯ ಹಿರಿಸೊಸೆ. ಅಜ್ಜಿ ಆಗಲೇ ಬಟ್ಟಲಲ್ಲಿ ಎಣ್ಣೆ ಕಾಯಿಸಿ ತಂದಳು. ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದ ನರ್ಸಮ್ಮ ನಮ್ಮ ಬಾಗಿಲಲ್ಲಿ ಇಣುಕಿದರು.

“ಅಯ್ಯೋ ಅಜ್ಜೀ, ಮೊದಲು ಆ ಬಟ್ಟಲು ಕೆಳಗಿಡಿ!”

“ಯಾಕಮ್ಮಾ? ನಮ್ಮತ್ತೆ ಕಾಲದಿಂದ ಬಿಟ್ಕೊಂಡು ಬಂದಿದೀವಿ. ಯಾರೂ ಸತ್ತಿಲ್ಲ.”

“ಸತ್ತಿಲ್ಲ, ಸರಿ. ನಿಮ್ಮತ್ತೆಗೆ ಕೊನೇಗಾಲದಲ್ಲಿ ಕಿವಿ ಕೇಳಿಸ್ತಿತ್ತಾ?”

ಅಜ್ಜಿ ಯೋಚಿಸಿದಳು. “ಇಲ್ಲ. ಅದರಿಂದ ನನಗೆ ಅನುಕೂಲವೇ ಆಗಿತ್ತು.”

ದೊಡ್ಡಮ್ಮನಿಗೆ ಆ ನೋವಲ್ಲೂ ನಗು ಬಂತು. ನರ್ಸಮ್ಮ ಅವಳ ಪಕ್ಕದಲ್ಲಿ ಕೂತರು.

“ನೋಡಿ, ಕಿವಿ ಒಳಗೆ ತೆಳ್ಳನೆ ಪರದೆ ಇದೆ. ರಕ್ತ ಬಂದಿದೆ ಅಂದ್ರೆ ತಂತಿ ಅದನ್ನ ಹರಿದಿರಬಹುದು. ಹರಿದ ಪರದೆ ಮೇಲೆ ಎಣ್ಣೆ ಬಿಟ್ರೆ ಒಳಗಿಳಿದು ಕೀವಾಗುತ್ತೆ. ಎಣ್ಣೆ ಬೇಡ, ನೀರೂ ಬೇಡ. ಬೆಳಗ್ಗೇನೇ ಕಿವಿ ಡಾಕ್ಟರ ಹತ್ರ ಹೋಗೋಣ.”

“ಮತ್ತೆ ಕಿವಿಯೊಳಗಿನ ಗುಗ್ಗೆ?” ಅಜ್ಜಿ ಬಿಡಲಿಲ್ಲ. “ಕೊಳಕು ಹಾಗೇ ಬಿಡೋಕಾಗುತ್ತಾ?”

“ಗುಗ್ಗೆ ಕೊಳಕಲ್ಲ ಅಜ್ಜೀ, ಕಾವಲುಗಾರ. ದೂಳು ಒಳಗೆ ಹೋಗದ ಹಾಗೆ ಹಿಡ್ಕೊಳುತ್ತೆ. ನಾವು ಮಾತಾಡ್ತಾ, ಊಟ ಅಗೀತಾ ಇದ್ದ ಹಾಗೆ ತಾನೇ ಹೊರಗೆ ಬರುತ್ತೆ.”

“ಮಾತಾಡಿದ್ರೆ ಬರೋದಾದ್ರೆ ಇವಳ ಕಿವೀಲಿ ಒಂದು ಚೂರೂ ಇರಬಾರದಿತ್ತು!”

“ಎಡಗಿವಿ ತುಂಬಾ ದಿನದಿಂದ ಮುಚ್ಕೊಂಡ ಹಾಗಿದೆ,” ಎಂದಳು ದೊಡ್ಡಮ್ಮ. “ಮೂಗ ಹೆಂಚು ಕೈತಪ್ಪಿ ಹೋಗ್ತಿತ್ತು. ಅದಕ್ಕೇ ಮೇಸ್ತ್ರಿ ಎರಡೂ ಕಿವಿ ಕೆರ್ಕೋ ಅಂದ.”

“ಕೆರೆದಷ್ಟೂ ಗುಗ್ಗೆ ಒಳಕ್ಕೇ ಹೋಗುತ್ತಕ್ಕಾ. ಗೋಣಿಚೀಲಕ್ಕೆ ಹತ್ತಿ ಜಡಿದ ಹಾಗೆ.”

“ಬಡಿಯೋ ಕೆಲಸ ಮತ್ತೆ ಸಿಗುತ್ತಾ ನನಗೆ?” ದೊಡ್ಡಮ್ಮನ ದನಿ ಸಣ್ಣದಾಯಿತು. ಆ ಹಲಗೆ ಬಿಟ್ಟರೆ ಅವಳಿಗೆ ಬೇರೆ ಹೆಸರೇ ಇರಲಿಲ್ಲ.

ನರ್ಸಮ್ಮ ಹೇಳಿದ್ದೇ ನಿಜವಾಯಿತು. ಬಲಗಿವಿಯ ಪರದೆಯಲ್ಲಿ ಸಣ್ಣ ತೂತು. ಇಷ್ಟು ಚಿಕ್ಕದು ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ, ನೀರು ತಾಗಿಸಬೇಡಿ, ಮೂಗು ಜೋರಾಗಿ ಸೀಟಬೇಡಿ, ಆಗಾಗ ಬಂದು ತೋರಿಸಿ ಎಂದರು ಡಾಕ್ಟರು. ಎಡಗಿವಿಯಲ್ಲಿ ಗುಗ್ಗೆ ಕಲ್ಲಾಗಿತ್ತು. ಹನಿ ಔಷಧಿ ಕೊಟ್ಟು ಮೆತ್ತಗಾಗಿಸಿ, ಮತ್ತೊಂದು ದಿನ ಕರೆಸಿ ಅವರೇ ತೆಗೆದರು. ತೆಗೆದ ಕೂಡಲೇ ದೊಡ್ಡಮ್ಮ ಬೆಚ್ಚಿ ಮೇಲೆ ನೋಡಿದಳು. “ಫ್ಯಾನು ಇಷ್ಟೊಂದು ಸದ್ದು ಮಾಡುತ್ತಾ?”

ಅವಳ ಕಿವಿ ಬರೀ ತಿಳಿವಳಿಕೆ ಇಲ್ಲದೆ ಹಾಳಾಯಿತು ಎಂದು ಯಾರೂ ಹೇಳಬೇಡಿ. ಶೆಡ್ಡಿನ ದೂಳು ಮಾಲೀಕರದು, ಯಂತ್ರದ ಗದ್ದಲ ಮಾಲೀಕರದು, ಕಿವಿ ಮಾತ್ರ ಅವಳದು. ಕಿವಿ ಮಂದವಾದಾಗ ತಂತಿ ಕೊಡಲು ಕೈ ಮುಂದೆ ಬಂತು. ಡಾಕ್ಟರ ಹತ್ತಿರ ಕಳಿಸಲು ಯಾವ ಕೈಯೂ ಬರಲಿಲ್ಲ.

ಮುಂದಿನ ಭಾನುವಾರ ಅಜ್ಜಿ ಎಂದಿನಂತೆ ಬಿಸಿಲಿಗೆ ಕೂತಳು. ಒದ್ದೆ ಬಟ್ಟೆಯ ಅಂಚಿನಿಂದ ನನ್ನ ಕಿವಿಯ ಹೊರಗಷ್ಟೇ ಒರೆಸಿದಳು. ಪಿನ್ನು ತುರುಬಲ್ಲೇ ಉಳಿಯಿತು. ಸುಮ್ಮನಾದ ಕೈಗೆ ಏನು ಮಾಡಬೇಕೋ ತೋಚದೆ ನನ್ನ ತಲೆ ನೇವರಿಸುತ್ತಾ ಹೋದಳು. ನಿದ್ದೆ ಮೊದಲಿನಷ್ಟೇ ಸೊಗಸಾಗಿ ಬಂತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮಡಿಲು ಬಿಡಬೇಡಿ, ಪಿನ್ನು ಬಿಡಿ. ಬೆಂಕಿಕಡ್ಡಿ, ಬೀಗದ ಕೈ, ಪೆನ್ನಿನ ಮುಚ್ಚಳ ಯಾವುದೂ ಕಿವಿಯೊಳಗೆ ಹೋಗುವ ವಸ್ತುವಲ್ಲ. ಕಿವಿ ನೋವು, ಕೀವು, ರಕ್ತ, ಗುಂಯ್‌ಗುಡುವ ಸದ್ದು, ತಲೆಸುತ್ತು, ಮಂದವಾದ ಕಿವಿ, ಇವುಗಳಲ್ಲಿ ಯಾವುದಿದ್ದರೂ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಕೇಳಿಸದೇ ಹೋದರೆ ಅವತ್ತೇ ಹೋಗಿ. ನೆಗಡಿಯಾದ ಮಗು ಕಿವಿ ಹಿಡಿದುಕೊಂಡು ಅತ್ತರೆ ಹಟ ಎಂದು ಗದರಿಸಬೇಡಿ, ಕರೆದುಕೊಂಡು ಹೋಗಿ ತೋರಿಸಿ. ನಿಮ್ಮ ಕಿವಿಗೆ ಏನು ಹಾಕಬೇಕೆಂದು ಮೇಸ್ತ್ರಿ ಹೇಳುವುದಲ್ಲ, ಡಾಕ್ಟರು ಹೇಳಬೇಕು.

ಬಲಗಿವಿಯ ಪರದೆ ಕೂಡಿಕೊಂಡಿದೆ ಎಂದು ಡಾಕ್ಟರು ಹೇಳಿದ ಮೇಲೆ ದೊಡ್ಡಮ್ಮ ಗೂಡು ತೆರೆಯುವ ದಿನವೇ ಹೋಗಿ ತನ್ನ ಹಲಗೆಯ ಮುಂದೆ ಕೂತಳು. ಮೇಸ್ತ್ರಿ ಒಂದು ಪೊಟ್ಟಣ ಹಿಡಿದು ಬಂದ.

“ನೋಡು ಟಣ್ಣಕ್ಕಾ, ನಿನಗೋಸ್ಕರ ಹತ್ತಿ ಸುತ್ತಿದ ಕಡ್ಡಿ ತರಿಸಿದೀನಿ. ಮೆತ್ತಗಿದೆ. ಹಾಕಿ ತಿರುಗಿಸ್ಕೊಂಡು ಕೆಲಸ ಶುರು ಮಾಡು.”

“ಹತ್ತಿ ಸುತ್ತಿದ್ರೂ ಕಡ್ಡಿ ಕಡ್ಡೀನೇ ಮೇಸ್ತ್ರೀ. ಗುಗ್ಗೇನ ಒಳಕ್ಕೇ ತಳ್ಳುತ್ತೆ.”

“ನನಗೇ ಪಾಠ ಹೇಳ್ತೀಯಾ? ಹಾಕ್ಕೋ. ಇಲ್ಲಾ ಎದ್ದು ಮಣ್ಣು ಹೊರೋಕೆ ಹೋಗು.”

ಶೆಡ್ಡಿನ ಕೋಲುಗಳೆಲ್ಲ ನಿಂತವು. ದೊಡ್ಡಮ್ಮ ಒಂದು ಹೆಂಚನ್ನು ಎತ್ತಿ ಹಿಡಿದಳು.

“ಹಾಕ್ಕೊಳಲ್ಲ,” ಎಂದಳು. “ಏಳೋದೂ ಇಲ್ಲ.”